ಕರಿಬಂಡೆಯ ಹತ್ತಿರ ನಿಲ್ಲುವ ಸ್ವರ

ಆಚೆ ದಡವನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಒಂದು ಸಲವೂ ತುಳಿದವಳಲ್ಲ. ಅಲ್ಲಿಯ ಓಣಿಗಳ ಹೆಸರು ಗೊತ್ತು, ಯಾವ ಮನೆಯ ಗೋಡೆಗೆ ಯಾವ ವರ್ಷ ಸುಣ್ಣ ಹೊಡೆದರೆಂಬುದು ಗೊತ್ತು, ಅಲ್ಲಿಯ ಗಿರಣಿಯ ಹಿಟ್ಟಿನ ರೊಟ್ಟಿಯನ್ನೇ ತಿನ್ನುತ್ತೇನೆ. ಹೋಗಲಿಕ್ಕೆ ಮಾತ್ರ ಆಗಲಿಲ್ಲ. ನಮ್ಮ ಊರು ಹೊಳೆಯ ಎರಡೂ ಕಡೆ ಇದೆ. ಈಚೆ ದಡದ ಕಟ್ಟೆಯ ಮೇಲೆ ಕುಳಿತು ಸನಾದಿ ಊದಿದರೆ ಹೊಳೆ ಮಲಗುತ್ತದೆ, ದೋಣಿ ದಾಟುತ್ತದೆ, ಊದದಿದ್ದರೆ ಇಲ್ಲ. ಊದುವವಳು ನಾನು. ನನಗಿಂತ ಮುಂಚೆ ನಮ್ಮ ಅವ್ವ. ಊದುವವಳೇ ದೋಣಿ ಹತ್ತಿದರೆ ಕಟ್ಟೆಯ ಮೇಲೆ ಯಾರು ಕೂಡಬೇಕು? ಹೀಗಾಗಿ ಊರನ್ನೆಲ್ಲ ದಾಟಿಸಿದ ತುಳಜವ್ವ ಈಚೆಯೇ ಉಳಿದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆಯಲ್ಲೇ ಕುಳಿತು ನನಗೆ ಅರವತ್ತು ದಾಟಿತು.

ಇರುವುದು ಒಂದೇ ಹಾಡು, ಅದಕ್ಕೆ ಮೂರು ಭಾಗ. ಮೊದಲ ಭಾಗ ಹೊಳೆಯನ್ನು ಕರೆಯುವುದು. ಅದು ಮುಗಿಯುವ ಹೊತ್ತಿಗೆ ನೀರು ತಟ್ಟೆಯಲ್ಲಿ ಹಾಕಿಟ್ಟಂತೆ ಸಮನಾಗುತ್ತದೆ. ಎರಡನೆಯ ಭಾಗದಲ್ಲಿ ಒಂದೇ ಒಂದು ಸ್ವರ. ನಡುಹೊಳೆಯಲ್ಲಿ ಕರಿಬಂಡೆ ಇದೆ, ಅದರ ಬುಡದಲ್ಲಿ ಸುಳಿ. ದೋಣಿ ಅದನ್ನು ದಾಟುವವರೆಗೆ ಆ ಸ್ವರವನ್ನು ಹಿಡಿದೇ ಇರಬೇಕು. ಮೂರನೆಯದು ಬಿಡುವುದು. ಅದನ್ನು ಊದುತ್ತ ಹೋದಂತೆ ದೋಣಿ ದಡಕ್ಕೆ ಸೇರುತ್ತದೆ, ಹಿಂದಿನಿಂದ ಹೊಳೆಗೆ ನಿಧಾನವಾಗಿ ಎಚ್ಚರವಾಗುತ್ತದೆ. ದೋಣಿಯಲ್ಲಿ ಕುಳಿತವರು ದಡ ಮುಟ್ಟುವ ತನಕ ಬಾಯಿ ಬಿಡುವಂತಿಲ್ಲ. ಸಪ್ಪಳ ಮಾಡಿದರೆ ಹೊಳೆ ಏಳುತ್ತದೆಂದು ಹಿಂದಿನಿಂದ ಬಂದ ನಂಬಿಕೆ. ನಮ್ಮೂರ ಕೂಸುಗಳು ಕೂಡ ದೋಣಿಯಲ್ಲಿ ಅಳುವುದಿಲ್ಲ.

ಯಾರು ಊದಿದರೂ ಆಗುತ್ತದೆ ಎಂದುಕೊಳ್ಳಬೇಡಿ. ದೊಡ್ಡ ದೊಡ್ಡ ಕಲಾವಿದರನ್ನು ಕರೆಸಿ ಊದಿಸಿ ನೋಡಿದ್ದಾರೆ, ಹೊಳೆ ಕ್ಯಾರೇ ಅನ್ನಲಿಲ್ಲ. ನನ್ನ ಮಗಳು ಕಸ್ತೂರಿಗೆ ಬರುತ್ತಿತ್ತು. ಸಣ್ಣವಳಿದ್ದಾಗ ಒಮ್ಮೆ ನನ್ನ ಕೈಯಿಂದ ಸನಾದಿ ಕಸಿದುಕೊಂಡು ಊದಿದಳು, ನನಗೆ ಮಲಗಿದ್ದಕ್ಕಿಂತ ನುಣ್ಣಗೆ ಹೊಳೆ ಅವಳಿಗೆ ಮಲಗಿತು. ಆದರೆ ವಯಸ್ಸಿಗೆ ಬರುತ್ತಲೇ “ಆ ಕಟ್ಟಿ ಮ್ಯಾಲ ಕುಂತು ಕಲ್ಲಾಗೂದು ನನ್ನಿಂದ ಆಗೂದಿಲ್ಲ” ಎಂದು ಆಚೆ ದಡದ ಗಿರಣಿಯವನನ್ನು ಮದುವೆಯಾಗಿ ಹೋದಳು. ಅವಳ ದಿಬ್ಬಣವನ್ನು ದಾಟಿಸಿದ್ದೂ ನಾನೇ. ಆಮೇಲೆ ಅವಳು ಈಚೆ ಬರಲಿಲ್ಲ, ನಾನು ಹೋಗುವಂತಿರಲಿಲ್ಲ. ಇಬ್ಬರೂ ಒಂದೇ ಹಿಟ್ಟಿನ ರೊಟ್ಟಿ. ಮೊದಲು ಯಾರು ಮಾತಾಡಬೇಕು ಎನ್ನುವುದರಲ್ಲೇ ನಾಲ್ಕು ವರ್ಷ ಹೋದವು. ಅವಳ ಮನೆಗೆ ನೀಲಿ ಬಾಗಿಲು. ಕಟ್ಟೆಯ ಮೇಲಿಂದ ಕಾಣುತ್ತದೆ.

ಹೋದ ವರ್ಷ ನನಗೆ ಕೆಮ್ಮು ಹತ್ತಿತು. ಸನಾದಿ ಊದುವವಳಿಗೆ ಕೆಮ್ಮು ಎಂದರೆ ದೋಣಿಗೆ ತೂತು. ಯಾರಿಗೂ ಹೇಳಲಿಲ್ಲ. ಹಾಡು ಮುಗಿಯುವ ತನಕ ಹೇಗೋ ನುಂಗಿಕೊಂಡಿದ್ದು, ದೋಣಿ ದಡ ಮುಟ್ಟಿದ ಮೇಲೆ ಕಟ್ಟೆಯ ಹಿಂದೆ ಹೋಗಿ ಸೆರಗು ಬಾಯಿಗಿಟ್ಟು ಕೆಮ್ಮಿ ಬರುತ್ತಿದ್ದೆ. ಒಂದು ದಿನ ನುಂಗಲು ಆಗಲಿಲ್ಲ. ಮೂರನೆಯ ಭಾಗದಲ್ಲಿ ಉಸಿರು ಕಡಿಯಿತು, ದೋಣಿ ವಾಲಿತು, ಹಾಲು ಮಾರುವ ಫಕೀರವ್ವನ ಎರಡು ಕ್ಯಾನು ಹೊಳೆಯ ಪಾಲಾದವು. ಒಂದು ಆಡೂ ಬಿದ್ದಿತ್ತು, ಅದು ಈಜಿ ಬಂತು. ಜನ ನನ್ನನ್ನು ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಪಂಚಾಯ್ತಿಯ ಅಪ್ಪಾಸಾಹೇಬ ಗೌಡರು ಸಭೆ ಕರೆದು ಕಂಪ್ಯೂಟರುಗಳ ಸ್ಪರ್ಧೆ ಇಡೋಣ ಎಂದರು. ಮನುಷ್ಯರ ಹಾಗೆ ಭಾವ ತುಂಬಿ ಹಾಡು ನುಡಿಸುವ ಕಂಪ್ಯೂಟರುಗಳನ್ನು ಈಗ ಮಾಡುತ್ತಾರಂತೆ. ಯಾವುದು ಗೆಲ್ಲುತ್ತದೋ ಅದನ್ನು ಕಟ್ಟೆಯ ಮೇಲೆ ಕೂಡಿಸುವುದು, ತುಳಜವ್ವನಿಗೆ ಶಾಲು ಹೊದಿಸಿ ಮನೆಗೆ ಕಳಿಸುವುದು.

ನನಗೆ ಸಿಟ್ಟು ಬಂತು. ಒಪ್ಪಿಕೊಳ್ಳುತ್ತೇನೆ, ಆ ಪೆಟ್ಟಿಗೆಗಳೆಲ್ಲ ಹೊಳೆಗೆ ಬಿದ್ದು ಹೋಗಲಿ ಎಂದುಕೊಂಡೆ. ಆದರೆ ಸ್ಪರ್ಧೆಗೆ ಒಂದು ವಾರ ಇರುವಾಗ ದೋಣಿಯ ಹುಚ್ಚೀರಪ್ಪ ಆಚೆಯಿಂದ ಸುದ್ದಿ ತಂದ. ಅವನಿಗೂ ನನಗೂ ಮೂವತ್ತು ವರ್ಷದ ಜೊತೆ. ಅವನು ಹುಟ್ಟು ಹಾಕುವುದು, ನಾನು ಊದುವುದು.

“ನಿನ್ನ ಮಗಳಿಗೆ ದಿನಾ ಹತ್ರ ಬಂದಾವು. ಬಿಪಿ ಏರೇತಂತ. ಹಾಸಗಿ ಬಿಟ್ಟು ಏಳಬ್ಯಾಡ, ದೋಣಿ ಅಂತೂ ಹತ್ತಲೇಬ್ಯಾಡ ಅಂದಾಳ ಡಾಕ್ಟರಬಾಯಿ,” ಎಂದ.

“ಮತ್ತ ಅಕಿ ಏನಂದ್ಲು?”

“ಅವ್ವನ್ನ ಕರೀರಿ ಅಂತ ನಾ ಹೇಳಿಲ್ಲ ಅಂದ್ಲು.”

“ಹೇಳಿಲ್ಲ ಅಂದಮ್ಯಾಲ ಮತ್ತೇನೈತಿ.”

“ಹಂಗಲ್ಲಬೇ,” ಎಂದು ಹುಚ್ಚೀರಪ್ಪ ತಲೆ ಕೆರೆದುಕೊಂಡ. “ಹೇಳಿಲ್ಲ ಅಂತ ಹೋಗಿ ಹೇಳು ಅಂದ್ಲು.”

ಅಂದು ಸಂಜೆ ಊದುವಾಗ ನನ್ನ ಕಣ್ಣು ನೀಲಿ ಬಾಗಿಲನ್ನು ಬಿಟ್ಟು ಕದಲಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಅದು ನಮ್ಮಲ್ಲಿಯ ರೂಢಿ. ಮಗಳು ತವರಿಗೆ ಬರುವಂತಿಲ್ಲವಾದರೆ ತವರೇ ಎದ್ದು ಹೋಗಬೇಕು. ಎದ್ದು ಹೋಗಬೇಕಾದರೆ ಕಟ್ಟೆಯ ಮೇಲೆ ಬೇರೆ ಯಾರಾದರೂ ಇರಬೇಕು. ಹೊಳೆಗೆ ಬೀಳಲಿ ಎಂದು ಶಪಿಸಿದ ಪೆಟ್ಟಿಗೆಗಳಿಗೇ ನಾನು ಹರಕೆ ಹೊತ್ತೆ.

ಸ್ಪರ್ಧೆಗೆ ಮೂರು ಕಂಪ್ಯೂಟರುಗಳು ಬಂದವು. ಎರಡು ತಿಂಗಳ ಮುಂಚೆಯೇ ನನ್ನ ಹಾಡನ್ನು ಧ್ವನಿಮುದ್ರಣ ಮಾಡಿ ಅವುಗಳನ್ನು ಮಾಡಿದವರಿಗೆ ಕಳಿಸಿದ್ದರು. ಮುದ್ರಣದ ದಿನ ಊರೆಲ್ಲ ಉಸಿರು ಬಿಗಿಹಿಡಿದಿತ್ತು. ನಾಯಿಗಳನ್ನು ಕಟ್ಟಿದ್ದರು, ಎತ್ತುಗಳ ಕೊರಳಗೆಜ್ಜೆ ಬಿಚ್ಚಿದ್ದರು, ಹುಟ್ಟಿನ ಸಪ್ಪಳ ಸೇರಬಾರದೆಂದು ಗೌಡರು ದೋಣಿಯನ್ನೇ ನಿಲ್ಲಿಸಿದ್ದರು. ಇಷ್ಟು ಶುದ್ಧವಾದ ಧ್ವನಿ ಎಲ್ಲೂ ಸಿಗಲಿಲ್ಲ ಎಂದು ಮುದ್ರಣದವರು ಹೊಗಳಿದರು, ಊರು ಅದನ್ನೇ ಒಂದು ವಾರ ಹೇಳಿಕೊಂಡು ತಿರುಗಿತು. ಗೌಡರು ನನ್ನಿಂದ ಒಂದು ಭಾಷೆಯನ್ನೂ ತೆಗೆದುಕೊಂಡರು: ಸ್ಪರ್ಧೆ ಮುಗಿಯುವ ತನಕ ಯಾವ ಪೆಟ್ಟಿಗೆಯವರ ಹತ್ತಿರವೂ ಹಾಡಿನ ವಿಚಾರಕ್ಕೆ ತುಟಿ ಬಿಚ್ಚಬಾರದು. ಬಿಚ್ಚಿದರೆ ಆ ಪೆಟ್ಟಿಗೆ ಹೊರಗೆ, ಸ್ಪರ್ಧೆ ಮುಂದಿನ ವರ್ಷಕ್ಕೆ.

ಮೊದಲ ದಿನ ಪೆಂಡಾಲಿನಲ್ಲಿ ಕೇಳುವುದು, ಮರುದಿನ ಹೊಳೆಯ ಮುಂದೆ ಪರೀಕ್ಷೆ ಎಂದು ಗೊತ್ತಾಗಿತ್ತು. ಶುರು ಮಾಡುವ ಗುಂಡಿ ಒತ್ತಿದ ಮೇಲೆ ಯಾರೂ ಪೆಟ್ಟಿಗೆಯನ್ನು ಮುಟ್ಟುವಂತಿಲ್ಲ. ಪೆಂಡಾಲಿನಲ್ಲಿ ಮೂವರು ತೀರ್ಪುಗಾರರು ಕಣ್ಣು ಮುಚ್ಚಿ ಕುಳಿತರು. ನಾನು ಹಿಂದಿನ ಸಾಲಿನಲ್ಲಿ ಹೆಂಗಸರ ನಡುವೆ ಕುಳಿತೆ.

ಒಂದನೆಯ ಪೆಟ್ಟಿಗೆ ಒಂದು ಸ್ವರವನ್ನೂ ತಪ್ಪಿಸಲಿಲ್ಲ. ಲೆಕ್ಕದ ಮೇಷ್ಟ್ರು ಲಗ್ನಪತ್ರಿಕೆ ಓದಿದ ಹಾಗಿತ್ತು. ಎರಡನೆಯದು ಶುರುವಾಗುತ್ತಲೇ ಕತ್ತು ಚಾಚಿದೆ. ಅದು ನಾನೇ. ನಾನು ಎಲ್ಲಿ ಸ್ವರವನ್ನು ಸ್ವಲ್ಪ ಎಳೆಯುತ್ತೇನೆ, ಎಲ್ಲಿ ತಡೆದು ಆಮೇಲೆ ಬಿಡುತ್ತೇನೆ, ಎಲ್ಲಿ ತಗ್ಗಿಸುತ್ತೇನೆ, ಎಲ್ಲ ಹಾಗೆಹಾಗೇ. ಪಕ್ಕದ ಹೆಂಗಸರು ಕಣ್ಣೊರೆಸಿಕೊಂಡರು. ನನಗೆ ಮೈಮೇಲಿನ ಸೀರೆಯನ್ನು ಬೇರೆಯವಳು ಉಟ್ಟು ಎದುರಿಗೆ ಬಂದಂತಾಗಿ ಹೊಟ್ಟೆ ಉರಿಯಿತು. ಉರಿಯಲಿ, ಮಗಳ ಹತ್ತಿರ ಹೋಗಲು ಇದೇ ದಾರಿ ಎಂದು ಹಲ್ಲು ಕಚ್ಚಿ ಕುಳಿತೆ.

ಎರಡನೆಯ ಭಾಗ ಬಂತು. ಕರಿಬಂಡೆಯ ಸ್ವರವನ್ನು ಅದು ಹಿಡಿಯಿತು, ಹಿಡಿದದ್ದು ಚೆನ್ನಾಗಿಯೇ ಇತ್ತು, ಆದರೆ ಥಟ್ಟನೆ ಬಿಟ್ಟುಬಿಟ್ಟಿತು. ಒಂದನೆಯ ಪೆಟ್ಟಿಗೆಯೂ ಅಲ್ಲೇ ಬಿಟ್ಟಿತ್ತಲ್ಲ ಎಂದು ಆಗ ನೆನಪಾಯಿತು. ಬಿಡದೆ ಇನ್ನೇನು ಮಾಡುತ್ತವೆ? ಮುದ್ರಣದ ದಿನ ಹೊಳೆಯಲ್ಲಿ ದೋಣಿಯೇ ಇರಲಿಲ್ಲ. ಕಾಯಲಿಕ್ಕೆ ಯಾರೂ ಇಲ್ಲದಾಗ ನಾನು ಯಾರಿಗೆಂದು ಹಿಡಿಯಲಿ? ಸಾಕೆನಿಸಿದಲ್ಲಿ ಬಿಟ್ಟಿದ್ದೆ. ಊರೆಲ್ಲ ಸೇರಿ ಅಷ್ಟು ಮರ್ಯಾದೆಯಿಂದ ಸುಮ್ಮನಿದ್ದು, ಖಾಲಿ ಹೊಳೆಯ ಹಾಡನ್ನು ಈ ಪೆಟ್ಟಿಗೆಗಳಿಗೆ ಕಲಿಸಿದ್ದೆವು. ಇವುಗಳನ್ನು ನಂಬಿ ದೋಣಿ ಬಿಟ್ಟರೆ ಬಂಡೆಯ ಹತ್ತಿರವೇ ಹೊಳೆ ಏಳುತ್ತದೆ. ನನಗೆ ಇದು ಗೊತ್ತು, ಹೇಳುವಂತಿಲ್ಲ.

ಮೂರನೆಯ ಪೆಟ್ಟಿಗೆಯನ್ನು ತಂದವಳು ಶಮೀಮ್ ಎಂಬ ಹೆಂಗಸು. ಮೂವತ್ತರ ಆಸುಪಾಸು, ಒಬ್ಬಳೇ ಬಂದಿದ್ದಳು. ಅವಳ ಪೆಟ್ಟಿಗೆ ಹಳೆಯದು, ದನಿ ಸ್ವಲ್ಪ ಒಡಕು. ಅದು ಕರಿಬಂಡೆಯ ಸ್ವರ ಹಿಡಿದ ಹೊತ್ತಿಗೆ ಸರಿಯಾಗಿ ನನಗೆ ಕೆಮ್ಮು ಒತ್ತರಿಸಿ ಬಂತು. ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಕೆಮ್ಮಿದೆ, ಕೆಮ್ಮಿದೆ, ಕಣ್ಣಲ್ಲಿ ನೀರು ಬಂತು. ಅಷ್ಟು ಹೊತ್ತೂ ಆ ಪೆಟ್ಟಿಗೆ ಸ್ವರವನ್ನು ಬಿಡಲೇ ಇಲ್ಲ. ನನ್ನ ಕೆಮ್ಮು ನಿಂತ ಮೇಲೆ ಮುಂದಕ್ಕೆ ಹೋಯಿತು. ಜನ ಗೊಳ್ಳೆಂದು ನಕ್ಕರು, ತೀರ್ಪುಗಾರರು ಮುಖ ಮುಖ ನೋಡಿಕೊಂಡು ಎಲ್ಲಕ್ಕಿಂತ ಕಡಿಮೆ ಅಂಕ ಕೊಟ್ಟರು. ಕೆಮ್ಮಿದ್ದು ಯಾರೆಂದು ಯಾರೂ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಶಮೀಮ್ ಕಟ್ಟೆಯ ಹತ್ತಿರ ಬಂದಳು. ಕಣ್ಣು ಕೆಂಪಾಗಿದ್ದವು.

“ಕೆಮ್ಮಿದ್ದು ನೀವಲ್ಲ?” ಎಂದಳು.

ನಾನು ಸನಾದಿ ಒರೆಸುತ್ತ ಕುಳಿತೆ.

“ನಿಮ್ಮದೇನೂ ತಪ್ಪಿಲ್ಲ ಬಿಡ್ರಿ. ಇದಕ್ಕೊಂದು ಕೆಟ್ಟ ಚಟ ಅದ. ನಮ್ಮ ಅಪ್ಪಗ ದಮ್ಮು. ಹಾಡಕೋತ ಹಾಡಕೋತ ಉಸಿರು ಸಿಕ್ಕೊಂಡು ಕೆಮ್ಮತಿದ್ರು. ಅವರಿಗೆ ಜೋಡಿ ನುಡಿಸಲಿ ಅಂತ ಇದನ್ನ ಮಾಡಿದ್ದೆ, ಕೆಮ್ಮು ಮುಗಿಯೂತನಾ ಕಾಯೂದು ಕಲಿಸಿದ್ದೆ. ಅಪ್ಪ ಹೋದ್ರು. ಇದು ಮಾತ್ರ ಇನ್ನೂ ಕಾಯ್ತದ.” ಮೂಗು ಒರೆಸಿಕೊಂಡಳು. “ನಾಳೆ ಇದರ ಕಿವಿ ಮುಚ್ಚಿಬಿಡ್ತೀನಿ. ಮುದ್ರಣದಾಗ ಹೆಂಗ ಅದನೋ ಹಂಗ ನುಡಸ್ತದ.”

ಮುಚ್ಚಬೇಡವೇ ಎಂದು ಕೂಗಬೇಕೆನಿಸಿತು. ನಾಲಿಗೆ ಹಲ್ಲಿನ ತನಕ ಬಂದು ನಿಂತಿತು. ನಮ್ಮಿಬ್ಬರಿಂದ ಹತ್ತು ಮಾರು ದೂರದಲ್ಲಿ ಗೌಡರು ತೀರ್ಪುಗಾರರ ಜೊತೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ಅವರ ಕಣ್ಣು ನಮ್ಮ ಮೇಲೇ ಇತ್ತು. ಒಂದು ಮಾತಾಡಿದರೆ ಈ ಹೆಂಗಸು ಮನೆಗೆ, ನನ್ನ ಮಗಳ ಹೆರಿಗೆ ನನ್ನನ್ನು ಬಿಟ್ಟು. “ಚಾ ಕುಡದೇನು?” ಎಂದು ಕೇಳಿ ಎದ್ದೆ.

ಹೇಳುವಂತಿಲ್ಲ, ಊದುವಂತಿದೆ. ಸಂಜೆಯ ದೋಣಿಗೆ ಮುಂಚೆ ಹುಚ್ಚೀರಪ್ಪನನ್ನು ಪಕ್ಕಕ್ಕೆ ಕರೆದೆ.

“ಇವತ್ತ ಕರಿಬಂಡಿ ಹತ್ರ ಹುಟ್ಟು ಎತ್ತಿ ಸುಮ್ನ ನಿಲ್ಲು.”

“ಬಂಡಿ ಹತ್ರ? ನಿನಗ ತಲಿ ಕೆಟ್ಟೈತೇನು?”

“ನಿಲ್ಲು ಅಂದ್ರ ನಿಲ್ಲು. ನಾ ಹಿಡದಿರ್ತೀನಿ.”

“ನಿನ್ನ ಕೆಮ್ಮು ಹಿಡೀಬೇಕಲ್ಲ,” ಎಂದ ಅವನು. ಅವನಿಗೂ ಗೊತ್ತಿತ್ತು ಹಾಗಾದರೆ. ನಾನು ಮುಖ ಬೇರೆ ಕಡೆ ತಿರುಗಿಸಿದೆ. ಅವನು “ಆತು, ನಿಲ್ತೀನಿ” ಎಂದು ದೋಣಿ ಹತ್ತಿದ.

ಊದಿದೆ. ಹೊಳೆ ಮಲಗಿತು. ಬಂಡೆಯ ಹತ್ತಿರ ದೋಣಿ ನಿಂತಿತು. ನಾನು ಸ್ವರ ಹಿಡಿದೆ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಮೂಗಿನಿಂದ ಉಸಿರೆಳೆಯುತ್ತ ಹಿಡಿಯುವುದನ್ನು ಅವ್ವ ಕಲಿಸಿದ್ದಳು. ಶಮೀಮ್ ದಡದಲ್ಲಿ ನಿಂತಿದ್ದಳು. ನೋಡು, ದೋಣಿಯನ್ನು ನೋಡು, ನನ್ನನ್ನಲ್ಲ ಎಂದು ಮನಸ್ಸಿನಲ್ಲೇ ಬೈದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಎದೆಯೊಳಗೆ ಕೆಮ್ಮು ಮೊಣಕಾಲೂರಿ ಏಳತೊಡಗಿತು. ದೋಣಿಯಲ್ಲಿದ್ದವರು ಬಾಯಿ ಬಿಡದೆ ಹುಚ್ಚೀರಪ್ಪನ ತೋಳು ಜಗ್ಗುತ್ತಿದ್ದರು. ಬಂಡೆಯ ಬುಡದಲ್ಲಿ ನೀರು ಸಣ್ಣಗೆ ತಿರುಗಿತು. ನನ್ನ ಕಣ್ಣು ಮಂಜಾದವು. ಆಗ ಶಮೀಮ್ ಕತ್ತು ತಿರುಗಿಸಿ ದೋಣಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಹುಚ್ಚೀರಪ್ಪ ಹುಟ್ಟು ಹಾಕಿದ. ದೋಣಿ ಬಂಡೆ ದಾಟಿದ ಮೇಲೆ ಸ್ವರ ಬಿಟ್ಟೆ. ಹಾಡು ಮುಗಿಸುವ ಹೊತ್ತಿಗೆ ಕಟ್ಟೆಯ ಮೇಲೇ ಕುಸಿದಿದ್ದೆ.

ಶಮೀಮ್ ಹತ್ತಿರ ಬಂದಳು. ಏನೋ ಕೇಳಲು ಬಾಯಿ ತೆರೆದಳು, ಹಿಂದೆ ಗೌಡರು ನಿಂತದ್ದು ಕಂಡು ಮುಚ್ಚಿದಳು. ತಾನು ಇಳಿದುಕೊಂಡಿದ್ದ ಛತ್ರದ ಕಡೆ ಹೋದಳು. ಅರ್ಥವಾಯಿತೋ, ಮುದುಕಿಗೆ ಹುಚ್ಚು ಎಂದುಕೊಂಡಳೋ ನನಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಎರಡೂ ದಡಗಳಲ್ಲಿ ಜನ ಕಿಕ್ಕಿರಿದಿದ್ದರು. ಹಳೆಯ ದೋಣಿಯೊಂದರಲ್ಲಿ ಮರಳಿನ ಚೀಲ ತುಂಬಿ, ಆಚೆ ದಡದಿಂದ ಹಗ್ಗ ಕಟ್ಟಿ ಎಳೆಯುವುದೆಂದು ವ್ಯವಸ್ಥೆ. ಒಂದನೆಯ ಪೆಟ್ಟಿಗೆಯ ಹಾಡಿಗೆ ಹೊಳೆ ಬರೀ ಮೈ ಕೊಡವಿತು, ದೋಣಿಯನ್ನು ಬಿಡಲೇ ಇಲ್ಲ. ಎರಡನೆಯದಕ್ಕೆ ಹೊಳೆ ಮಲಗಿತು. ಜನ ಹೋ ಎಂದರು, ಗೌಡರು ಎರಡೂ ಕೈ ಬೀಸಿ ಸುಮ್ಮನಾಗಿಸಬೇಕಾಯಿತು. ಮರಳಿನ ದೋಣಿ ತೇಲುತ್ತ ಕರಿಬಂಡೆಯ ಹತ್ತಿರ ಹೋಯಿತು. ಪೆಟ್ಟಿಗೆ ಸ್ವರ ಹಿಡಿಯಿತು, ಮತ್ತೆ ನಿನ್ನೆ ಬಿಟ್ಟಲ್ಲೇ ಬಿಟ್ಟಿತು. ಸುಳಿ ಎದ್ದು ದೋಣಿಯನ್ನು ಒಂದು ಸುತ್ತು ತಿರುಗಿಸಿ ನುಂಗಿತು. ಹಗ್ಗ ಹರಿದು ಎಳೆಯುತ್ತಿದ್ದವರೆಲ್ಲ ಅಂಗಾತ ಬಿದ್ದರು.

ಯಾರೂ ನಗಲಿಲ್ಲ. ಗೌಡರು ಬೆವರೊರೆಸಿಕೊಂಡು, “ಹಗ್ಗದ್ದೇ ತಪ್ಪು” ಎಂದ ಒಬ್ಬ ತೀರ್ಪುಗಾರನ ಕಡೆ ದುರುಗುಟ್ಟಿ ನೋಡಿದರು. “ಸಾಕ್ರಿ. ಇದ್ದದ್ದರಾಗ ಚಲೋದು ಮುಳುಗಿಸ್ತು. ಕಡಿಮಿ ಅಂಕದ್ದು ಇನ್ನೇನು ಮಾಡೀತು? ಸ್ಪರ್ಧೆ ಇಲ್ಲಿಗೆ ಬಿಡೂಣು. ಮುಂದಿನ ವರ್ಷ ನೋಡೂಣು.”

ನಾನು ನೀಲಿ ಬಾಗಿಲಿನ ಕಡೆ ನೋಡಿದೆ. ಬಾಗಿಲು ತೆರೆದಿತ್ತು, ಹೊಸ್ತಿಲಿನ ಹತ್ತಿರ ಒಂದು ಮಂಚ ಹಾಕಿದ್ದರು. ಕಾಲಿಗೆ ಎಲ್ಲಿಂದ ಬಲ ಬಂತೋ, ಎದ್ದು ನಿಂತೆ.

“ಮರಳಿನ ಚೀಲಕ್ಕ ಯಾವ ಹೊಳಿ ಕಾಯ್ತದ್ರಿ ಗೌಡ್ರ? ದೋಣ್ಯಾಗ ಜೀವ ಇರಬೇಕು.”

“ಜೀವ ಕೊಡಾಕ ಯಾರು ತಯಾರದಾರ?”

“ನಾ ಕುಂಡರ್ತೀನಿ.”

ಗದ್ದಲವೆದ್ದಿತು. ಗೌಡರು ಕೈಯೆತ್ತಿದರು. “ತುಳಜವ್ವ, ನಡುವ ಏನಾರ ಆದ್ರ ಹೊಳಿ ಮಲಗಿಸೋರು ಯಾರು? ನೀನೇ ದೋಣ್ಯಾಗಿರ್ತಿ. ನೀ ಮುಳುಗಿದ್ರ ನಾಳಿಂದ ಊದೋರು ಯಾರು?”

“ನಾ ಉಳದ್ರೂ ನಾಳಿಂದ ಊದೋರು ಯಾರು, ಅದನ್ನ ಹೇಳ್ರಿ,” ಎಂದೆ. ಅಷ್ಟರಲ್ಲಿ ಕೆಮ್ಮು ಬಂತು. ಈ ಸಲ ಸೆರಗು ಹಿಡಿಯಲಿಲ್ಲ. ಊರೆಲ್ಲ ನೋಡುತ್ತಿದ್ದ ಹಾಗೆ ಬಗ್ಗಿ ಕೆಮ್ಮಿದೆ, ಎದೆಯ ತಳದಲ್ಲಿದ್ದದ್ದೆಲ್ಲ ಬರುವ ತನಕ. ತಲೆ ಎತ್ತಿದೆ. ಗೌಡರು ತಲೆಯ ಪಟಕ ಸರಿಮಾಡಿಕೊಂಡು “ನಿನ್ನಿಷ್ಟ” ಎಂದರು.

ಹುಚ್ಚೀರಪ್ಪ ತನ್ನ ದೋಣಿ ಬಿಚ್ಚಿದ. ಫಕೀರವ್ವ ತಲೆಯ ಮೇಲೆ ಹಾಲಿನ ಕ್ಯಾನು ಹೊತ್ತು ಬಂದು ಧಡಕ್ಕನೆ ಕುಳಿತಳು.

“ನೀ ಯಾಕ?” ಎಂದೆ.

“ಮುಂಜಾನಿಂದ ಹಾಲು ಹಿಡಕೊಂಡು ನಿಂತೀನಿ, ಒಡದು ಹೊಕ್ಕೈತಿ. ನಿಮ್ಮ ಸ್ಪರ್ಧೆಗೆ ನನ್ನ ಹಾಲು ಕಾಯ್ತದೇನು?”

ದೋಣಿ ಹತ್ತುವಾಗ ಸನಾದಿಯನ್ನು ಕಟ್ಟೆಯ ಮೇಲೇ ಬಿಟ್ಟೆ. ನಡುಹೊಳೆಯಿಂದ ಊದಿದ್ದನ್ನು ಹೊಳೆ ಕೇಳುವುದಿಲ್ಲ, ಅದಕ್ಕೆ ಕಟ್ಟೆಯಿಂದ ಬಂದದ್ದೇ ಆಗಬೇಕು. ತಿರುಗಿ ನೋಡಿದೆ. ಶಮೀಮಳ ಪೆಟ್ಟಿಗೆಯ ಮುಂದೆ ಒಂದು ಸಣ್ಣ ಕೋಲು, ಅದರ ತುದಿಗೆ ಕರಿಯ ಗುಂಡು, ಅದೇ ಕಿವಿ. ಅದರ ಮೇಲೆ ಬಟ್ಟೆ ಸುತ್ತಿತ್ತು. ಶಮೀಮ್ ಅದರ ಹತ್ತಿರ ಬಗ್ಗಿದಳು, ಅಷ್ಟರಲ್ಲಿ ಜನ ಅಡ್ಡ ನಿಂತರು. ಬಿಚ್ಚಿದಳೋ ಇಲ್ಲವೋ ಕಾಣಲಿಲ್ಲ.

ಹಾಡು ಶುರುವಾಯಿತು. ಒಡಕು ದನಿ, ಆದರೆ ಕರೆಯುವುದು ಅದಕ್ಕೆ ಬರುತ್ತಿತ್ತು. ಹೊಳೆ ನಮ್ಮ ಸುತ್ತ ನಿಧಾನವಾಗಿ ತಗ್ಗಿ ಸಮನಾಯಿತು. ಮೂವತ್ತು ವರ್ಷ ದೂರದಿಂದ ಮಲಗಿಸಿದ ನೀರನ್ನು ಆಗ ಮೊದಲ ಸಲ ಹತ್ತಿರದಿಂದ ನೋಡಿದೆ. ಮೀನುಗಳು ಕೂಡ ಅಲ್ಲಾಡದೆ ನಿಂತಿದ್ದವು. ಮುಟ್ಟಬೇಕೆನಿಸಿತು, ಹೆದರಿಕೆಯಾಗಿ ಕೈ ಹಿಂದಕ್ಕೆ ತೆಗೆದುಕೊಂಡೆ. ಹುಚ್ಚೀರಪ್ಪನ ಹುಟ್ಟಿನ ಕಿರ್ರ್ ಸಪ್ಪಳ ಬಿಟ್ಟರೆ ಬೇರೇನೂ ಇಲ್ಲ. ಕರಿಬಂಡೆ ಎದುರಿಗೆ ಬಂತು. ಕಟ್ಟೆಯಿಂದ ಕಾಣುವಾಗ ಎಮ್ಮೆಯಷ್ಟಿದ್ದದ್ದು ಹತ್ತಿರದಿಂದ ಮನೆಯಷ್ಟಿತ್ತು.

ಪೆಟ್ಟಿಗೆ ಸ್ವರ ಹಿಡಿಯಿತು. ಈಗ ಕೆಮ್ಮಬೇಕು. ನಾನು ದೋಣಿ ಹತ್ತಿದ್ದೇ ಅದಕ್ಕೆ. ಬಾಯಿ ತೆರೆದೆ. ಕೆಮ್ಮು ಬರಲಿಲ್ಲ.

ವರ್ಷವಿಡೀ ಕರೆಯದೆ ಬಂದದ್ದು ಕರೆದಾಗ ಬರಲಿಲ್ಲ. ದಡದಲ್ಲೇ ಎಲ್ಲ ಕೆಮ್ಮಿ ಮುಗಿಸಿದ್ದೆ. ಎದೆ ಗುದ್ದಿಕೊಂಡೆ, ಗಂಟಲನ್ನು ಒತ್ತಿಕೊಂಡೆ. ದೋಣಿ ಬಂಡೆಯ ಅರ್ಧಕ್ಕೆ ಬಂದಿತ್ತು. ಸ್ವರ ಬಾಗತೊಡಗಿತು, ಬಿಡುವ ಮುಂಚೆ ಅದು ಹಾಗೆ ಒಂದಿಷ್ಟು ಬಾಗುತ್ತದೆ. ನೀರು ದೋಣಿಯ ಕೆಳಗೆ ಬೆನ್ನೆತ್ತಿತು. ಹುಚ್ಚೀರಪ್ಪನ ಮುಖ ಬೂದಿಯಾಯಿತು. ನಾನು ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಖೊಕ್ ಎಂದೆ. ಒಂದೇ ಒಂದು ಒಣ ಕೆಮ್ಮು, ಅದೂ ಸುಳ್ಳು ಕೆಮ್ಮು.

ಬಾಗಿದ್ದ ಸ್ವರ ತಡೆಯಿತು. ಮತ್ತೆ ನೆಟ್ಟಗಾಗಿ ನಿಂತಿತು.

ಕಿವಿ ತೆರೆದಿತ್ತು! ಶಮೀಮ್, ನಿನ್ನ ಹೊಟ್ಟೆ ತಣ್ಣಗಿರಲಿ. ಇನ್ನೊಂದು ಸಲ ಕೆಮ್ಮಿದೆ, ಮತ್ತೊಂದು ಸಲ ಬರೀ ಗಾಳಿ ಬಂತು. ಸ್ವರ ಮತ್ತೆ ಬಾಗಿತು, ದೋಣಿಯ ಮೂತಿ ಸುಳಿಯ ಕಡೆ ತಿರುಗಿತು. ನಾನು ಫಕೀರವ್ವನ ರಟ್ಟೆ ಹಿಡಿದು ಅಲ್ಲಾಡಿಸಿದೆ, ಗಂಟಲು ತೋರಿಸಿದೆ. ಅವಳು ಕಣ್ಣು ಹಿರಿದು ಮಾಡಿ ನನ್ನನ್ನು ನೋಡಿದಳು. ದೋಣಿಯಲ್ಲಿ ಬಾಯಿ ಬಿಡುವುದೆಂದರೆ ನಮ್ಮೂರಲ್ಲಿ ದೇವರ ಮುಂದೆ ಉಗುಳಿದಂತೆ. “ಕೆಮ್ಮಬೇ!” ಎಂದು ನಾನೇ ಕೂಗಿದೆ. ಆ ಹೊಳೆಯ ಮೇಲೆ ಅದಕ್ಕೆ ಮೊದಲು ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಹೊಳೆ ಏಳಲಿಲ್ಲ.

ಫಕೀರವ್ವ ಕೆಮ್ಮಿದಳು. ಹತ್ತು ಓಣಿಗೆ ಹಾಲು ಹಾಲು ಎಂದು ಕೂಗಿದ ಗಂಟಲು ಅದು, ಎರಡೂ ದಡಕ್ಕೆ ಕೇಳಿಸಿತು. ಹುಚ್ಚೀರಪ್ಪ ಹ್ಞಂ ಹ್ಞಂ ಎಂದು ಗಂಟಲು ಕೆರೆಯುತ್ತ ಹುಟ್ಟು ಎಳೆದ. ಸ್ವರ ನೆಟ್ಟಗೆ ನಿಂತಿತು. ನಡುವೆ ಉಸಿರಿಗೆಂದು ನಿಂತಾಗ ಅದು ಮತ್ತೆ ಬಾಗಿತು, “ನಿಲ್ಲೋ ಮೂಳಾ, ಇನ್ನೂ ದಾಟಿಲ್ಲ!” ಎಂದು ಫಕೀರವ್ವ ಕಟ್ಟೆಯ ಕಡೆ ತಿರುಗಿ ಬೈದಳು. ಅದಕ್ಕೂ ಅದು ನಿಂತಿತು. ಬಂಡೆಯ ಕೊನೆಯ ಮೂಲೆ ನನ್ನ ಭುಜಕ್ಕೆ ತಾಗುವಷ್ಟು ಹತ್ತಿರ ಹಾದು ಹಿಂದಕ್ಕೆ ಹೋಯಿತು. ಹುಚ್ಚೀರಪ್ಪ ಬಾಯಿ ಮುಚ್ಚಿದ. ನಾವೂ ಮುಚ್ಚಿದೆವು. ಸ್ವರ ಒಂದು ಕ್ಷಣ ಕಾದು, ಇನ್ನು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಿಡುವ ಭಾಗಕ್ಕೆ ಇಳಿಯಿತು. ದೋಣಿಯ ಮೂತಿ ಆಚೆ ದಡದ ಮರಳಿಗೆ ಹತ್ತಿದಾಗ ಎರಡೂ ಕಡೆಯ ಜನ ಏನು ಕೂಗಿದರೋ ನನಗೆ ಗೊತ್ತಿಲ್ಲ. ಫಕೀರವ್ವ ಮಾತ್ರ ಕ್ಯಾನಿನ ಮುಚ್ಚಳ ತೆಗೆದು ಹಾಲು ಮೂಸಿ ನೋಡಿದಳು.

ದೂರದಿಂದ ಗೊತ್ತಿದ್ದ ಓಣಿಯಲ್ಲಿ ಹತ್ತಿರದಿಂದ ದಾರಿ ತಪ್ಪಿದೆ, ಯಾರೋ ಕೈಹಿಡಿದು ನೀಲಿ ಬಾಗಿಲಿಗೆ ಮುಟ್ಟಿಸಿದರು. ಮಂಚದ ಮೇಲೆ ಕಸ್ತೂರಿ ಒಂದು ಮಗ್ಗುಲಾಗಿ ಮಲಗಿದ್ದಳು. ಮುಖ ಊದಿತ್ತು, ಕಾಲು ಊದಿದ್ದವು. ನಾಲ್ಕು ವರ್ಷ ಕಟ್ಟೆಯ ಮೇಲಿಂದ ಬೆರಳಷ್ಟು ಕಂಡವಳು.

“ಬಂದೇನು?” ಎಂದಳು.

“ಬಂದೆ.”

“ನಾ ಕರದಿಲ್ಲ.”

“ಹೌದು, ಹುಚ್ಚೀರಪ್ಪ ಹೇಳಿದ.”

ನಾನು ಕಾಲ ಹತ್ತಿರ ಕುಳಿತು ಪಾದ ಒತ್ತತೊಡಗಿದೆ. ಅವಳು ಬಿಡಿಸಿಕೊಳ್ಳಲಿಲ್ಲ. ಸೂರು ನೋಡುತ್ತ, “ಬಂಡಿ ಹತ್ರ ಮೊದಲ ಕೆಮ್ಮಿದ್ದು ನೀನ. ಸುಳ್ಳು ಕೆಮ್ಮು,” ಎಂದಳು.

“ನಿನಗ ಹೆಂಗ ಗೊತ್ತು?”

“ಖರೇದು ಹೆಂಗಿರ್ತದ ನನಗ ಗೊತ್ತಿಲ್ಲೇನು? ದೋಣಿ ದಡಾ ಮುಟ್ಟಿದ ಮ್ಯಾಲೂ ಒಂದಿಷ್ಟು ಹೊತ್ತು ಹೊಳಿ ಸುಮ್ನಿರ್ತದಲ್ಲ, ಆವಾಗ ನೀರಿನ ಮ್ಯಾಲ ಎಲ್ಲಾ ಕೇಳ್ತದ. ಕಟ್ಟಿ ಹಿಂದ ಹೋಗಿ ಕೆಮ್ಮತಿ. ವರ್ಷಾತು, ದಿನಾ ಸಂಜಿಕ ಬಾಗಲದಾಗ ಕುಂತು ಕೇಳ್ತೀನಿ. ಇವತ್ತ ಕಡಿಮಿ ಐತಿ, ಇವತ್ತ ಜಾಸ್ತಿ ಐತಿ ಅಂತ.” ಹೊದಿಕೆ ಎಳೆದುಕೊಂಡಳು. “ಒಂದು ದಿನ ಕೇಳಿಸಲಿಲ್ಲ ಅಂದ್ರ ಏನು ಮಾಡ್ಲಿ ಅಂತ ನಿದ್ದಿ ಬರತಿರಲಿಲ್ಲ.”

ಒಂದು ವರ್ಷ ಊರಿಗೆಲ್ಲ ಮುಚ್ಚಿಟ್ಟೆನೆಂದುಕೊಂಡಿದ್ದನ್ನು ನನ್ನ ಮಗಳು ಹೊಳೆಯಾಚೆ ಕುಳಿತು ದಿನವೂ ಕೇಳುತ್ತಿದ್ದಳು. ನನಗೆ ಅಳು ಬಂತು. ಅವಳ ಊದಿದ ಪಾದದ ಮೇಲೆ ಹಣೆ ಇಟ್ಟು ಅತ್ತೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು.

ಸಂಜೆಯ ದೋಣಿ ಈಚೆಯಿಂದ ಆಚೆಗೆ, ಅಂದರೆ ಈಗ ನಾನಿದ್ದ ದಡಕ್ಕೆ, ಬರುವ ಹೊತ್ತಾಯಿತು. ತೀರ್ಪುಗಾರರು ತಮ್ಮ ಅಂಕಗಳನ್ನು ಮಡಚಿಟ್ಟುಕೊಂಡು ಶಮೀಮಳಿಗೇ ಬಹುಮಾನ ಕೊಟ್ಟರೆಂದು ಸುದ್ದಿ ಬಂದಿತ್ತು. ನಾನು ಮಂಚದ ಪಕ್ಕದಲ್ಲಿ, ಬಾಗಿಲಿಗೆ ಮುಖ ಮಾಡಿ ಕುಳಿತೆ. ದೂರದ ಕಟ್ಟೆಯ ಮೇಲಿಂದ ಹಾಡು ಬಂತು. ನನ್ನ ಹಾಡನ್ನು ನಾನು ಈ ದಡದಿಂದ ಕೇಳಿದ್ದು ಅದೇ ಮೊದಲು. ಹೊದಿಕೆಯ ಮೇಲೆ ಕಸ್ತೂರಿಯ ಬೆರಳುಗಳು ಸನಾದಿಯ ತೂತು ಮುಚ್ಚಿ ತೆರೆಯುವ ಹಾಗೆ ಆಡುತ್ತಿದ್ದವು. ನಾನು ನೋಡಿಯೂ ನೋಡದವಳಂತೆ ಇದ್ದೆ. ಬಂಡೆಯ ಹತ್ತಿರ ದೋಣಿಯವರೆಲ್ಲ ಸೇರಿ ಕೆಮ್ಮಿದರು. ಜಾತ್ರೆಗೆ ಹೊರಟವರ ಹುರುಪಿತ್ತು ಅವರ ಕೆಮ್ಮಿನಲ್ಲಿ. ಸ್ವರ ಕಾಯಿತು, ಆಮೇಲೆ ಬಿಟ್ಟಿತು. ದೋಣಿ ಮರಳಿಗೆ ಹತ್ತಿತು, ಜನ ಇಳಿದರು. ಹಾಡಿನ ಕೊನೆಯ ಸ್ವರ ಒಂದೇ ಉಳಿದಿತ್ತು.

ಆಗ ನನಗೆ ಕೆಮ್ಮು ಬಂತು, ಬೆಳಿಗ್ಗೆ ಎಷ್ಟು ಕರೆದರೂ ಬಾರದ ಖರೇ ಕೆಮ್ಮು. ಅಭ್ಯಾಸದಂತೆ ಸೆರಗಿಗೆ ಕೈ ಹೋಯಿತು. ಕಸ್ತೂರಿ ಆ ಕೈಯನ್ನು ಹಿಡಿದು ಕೆಳಗಿಟ್ಟಳು. ಬಾಗಿಲ ಕಡೆ ಮುಖ ಮಾಡಿಯೇ ಕೆಮ್ಮಿದೆ, ನಿಲ್ಲದೆ ಕೆಮ್ಮಿದೆ. ಹೊಳೆ ಇನ್ನೂ ಸಮನಾಗಿ ಮಲಗಿತ್ತು. ಕೆಮ್ಮಿನ ನಡುವೆ ಉಸಿರೆಳೆದುಕೊಂಡಾಗ ಕೇಳಿಸಿತು: ಕಟ್ಟೆಯ ಮೇಲೆ ಆ ಕೊನೆಯ ಸ್ವರ ಮುಗಿಯದೆ ಹಾಗೇ ನಿಂತಿತ್ತು.

ಕಸ್ತೂರಿ ನಾಲ್ಕು ವರ್ಷಗಳ ಮೇಲೆ ನನ್ನೆದುರು ನಕ್ಕಳು.

“ಲಗೂ ಮುಗಸವ್ವಾ,” ಎಂದಳು, “ಅದು ನಿನ್ನ ಕಾಯಾಕತ್ತೈತಿ.”